‘ಮಾನವ ಲಿವರ್ ಕೋಶಗಳ ಮೇಲೆ ಪರೀಕ್ಷಿಸಲಾಗಿದೆ’ ಎಂದರೆ ಏನರ್ಥ?

ಲಿವರ್ ಟಾನಿಕ್ಕಿನ ಜಾಹೀರಾತಿನಲ್ಲೋ, ಹೊಸ ಔಷಧದ ಸುದ್ದಿಯಲ್ಲೋ ಈ ಮಾತನ್ನು ನೀವು ಓದಿರಬಹುದು: “ಮಾನವ ಯಕೃತ್ತಿನ ಜೀವಕೋಶಗಳ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ.” ಓದಿದ ಕೂಡಲೇ ಆರೋಗ್ಯವಂತ ಮನುಷ್ಯರೊಬ್ಬರ ಲಿವರಿನ ತುಣುಕು, ಅದರ ಮೇಲೆ ಔಷಧದ ಹನಿ, ಇಂಥದೊಂದು ಚಿತ್ರ ಮನಸ್ಸಿಗೆ ಬರುತ್ತದೆ. ಬಹಳಷ್ಟು ಸಲ ವಾಸ್ತವ ಬೇರೆಯೇ. ಆ ಕೋಶಗಳು 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಹುಡುಗನೊಬ್ಬನ ಲಿವರ್ ಗಡ್ಡೆಯಿಂದ ತೆಗೆದ ಕೋಶಗಳ ಸಂತತಿ. ಹೆಸರು ಹೆಪ್‌ಜಿ2. ಅಹಮದಾಬಾದಿನಿಂದ ಅಮೆರಿಕದವರೆಗೆ ಲಿವರ್ ಸಂಶೋಧನೆ ನಡೆಯುವಲ್ಲೆಲ್ಲ ಇವು ಬಳಕೆಯಲ್ಲಿವೆ.

ಈ ಕೋಶಗಳು ಕೆಲವು ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರಿಸುತ್ತವೆ, ಕೆಲವಕ್ಕೆ ಉತ್ತರಿಸಲಾರವು, ಇನ್ನು ಕೆಲವಕ್ಕೆ ತಪ್ಪು ಉತ್ತರ ಕೊಡುತ್ತವೆ. ಮನೆಯಲ್ಲಿ ಲಿವರ್ ತೊಂದರೆ ಇರುವವರಿದ್ದರೆ, ಯಾವುದು ಯಾವ ಬಗೆಯ ಪ್ರಶ್ನೆ ಎಂದು ಗೊತ್ತಿರುವುದು ಒಳ್ಳೆಯದು.

ಕೋಶವಂಶ ಎಂದರೇನು?

ದೇಹದಿಂದ ತೆಗೆದ ಸಾಮಾನ್ಯ ಲಿವರ್ ಕೋಶ ಗಾಜಿನ ತಟ್ಟೆಯಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಬಹುಮಟ್ಟಿಗೆ ವಿಭಜನೆಯಾಗುವುದೇ ಇಲ್ಲ. ಕೆಲವೇ ದಿನಗಳಲ್ಲಿ ತನ್ನ ವಿಶೇಷ ಕೆಲಸಗಳನ್ನು ಮರೆಯುತ್ತದೆ, ಆಮೇಲೆ ಸಾಯುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಹಾಗಲ್ಲ. ಆಹಾರ, ಬೆಚ್ಚಗಿನ ಜಾಗ, ಸೋಂಕಿಲ್ಲದ ಪಾತ್ರೆ ಸಿಕ್ಕರೆ ವರ್ಷಗಟ್ಟಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಲೇ ಇರುತ್ತವೆ. ಹೀಗೆ ಒಂದೇ ಮೂಲದಿಂದ ಬಂದು ನಿರಂತರವಾಗಿ ಬೆಳೆಯುವ ಕೋಶಗಳ ಸಂತತಿಯೇ ಸೆಲ್ ಲೈನ್. ಇದನ್ನು ‘ಕೋಶಗಳ ಸಾಲು’ ಎಂದು ಕನ್ನಡಿಸಿದ ಕರಡುಗಳು ನನ್ನ ಮೇಜಿಗೆ ಬಂದಿವೆ. ಮೊದಮೊದಲು ನಾನೂ ಹಾಗೆಯೇ ಬರೆದಿದ್ದೆ. ಇಲ್ಲಿ ಲೈನ್ ಎಂದರೆ ಸಾಲಲ್ಲ, ವಂಶ. ಅದಕ್ಕೇ ಈ ಲೇಖನದಲ್ಲಿ ‘ಕೋಶವಂಶ’ ಎನ್ನುತ್ತೇನೆ.

ಹೆಪ್‌ಜಿ2 ಮತ್ತು ಅದರ ಜೊತೆಯ ಹೆಪ್3ಬಿ ಎರಡನ್ನೂ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಬಾರ್ಬರಾ ನೋಲ್ಸ್ ಮತ್ತು ಸಂಗಡಿಗರು ಬೆಳೆಸಿದರು. 1979ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಕೆಲಸ ಪ್ರಕಟವಾಯಿತು. ಹೆಪ್3ಬಿ ಕೋಶಗಳ ಒಳಗೆ ಹೆಪಟೈಟಿಸ್ ಬಿ ವೈರಸ್ಸಿನ ಜೀನುಗಳು ಸೇರಿಕೊಂಡಿವೆ, ಹೆಪ್‌ಜಿ2ರಲ್ಲಿ ಇಲ್ಲ. ಹೆಪ್‌ಜಿ2 ಜನಪ್ರಿಯವಾಗಲು ಕಾರಣ, ಅದು ಗಡ್ಡೆಯ ಕೋಶವಾದರೂ ಲಿವರಿನ ಹಲವು ಕೆಲಸಗಳನ್ನು ಬಿಟ್ಟಿರಲಿಲ್ಲ. ಅಲ್ಬುಮಿನ್ ಮೊದಲಾದ ರಕ್ತದ ಪ್ರೋಟೀನುಗಳನ್ನು ತಯಾರಿಸುತ್ತಿತ್ತು, ಕೊಬ್ಬನ್ನು ಒಳಗೆ ಶೇಖರಿಸುತ್ತಿತ್ತು. ಇದರ ಗುರುತಿನ ಬಗ್ಗೆಯೇ ಒಂದು ತಪ್ಪು ಮಾತ್ರ ಬಹುಕಾಲ ಉಳಿದಿತ್ತು. ಮೊದಲು ಇದನ್ನು ದೊಡ್ಡವರಲ್ಲಿ ಕಾಣುವ ಸಾಮಾನ್ಯ ಬಗೆಯ ಲಿವರ್ ಕ್ಯಾನ್ಸರ್ ಎಂದು ದಾಖಲಿಸಿದ್ದರು. ಇದು ಮಕ್ಕಳಲ್ಲಿ ಕಾಣುವ ಹೆಪಟೋಬ್ಲಾಸ್ಟೋಮಾ ಎಂದು 2009ರಲ್ಲಿ ಮೂಲ ಗಡ್ಡೆಯನ್ನು ಮರುಪರಿಶೀಲಿಸಿದವರು ತೋರಿಸಿದರು. ಲೇಬಲ್ ತಪ್ಪಾಗಿರುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಆ ಮಾತಿಗೆ ಆಮೇಲೆ ಬರೋಣ.

ಬೆಳೆಸುವುದು ಹೇಗೆ?

ಭಾರತದ ಪ್ರಯೋಗಾಲಯಗಳಿಗೆ ಇಂಥ ಕೋಶಗಳು ಸಿಗುವ ಮುಖ್ಯ ಜಾಗ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ. ಅಹಮದಾಬಾದ್, ವಡೋದರಾ, ಸೂರತ್‌ಗಳ ಫಾರ್ಮಸಿ ಕಾಲೇಜಿನ ವಿದ್ಯಾರ್ಥಿಗಾಗಲಿ, ಬೆಂಗಳೂರು, ಮಣಿಪಾಲದ ಸಂಶೋಧಕರಿಗಾಗಲಿ ಕೋಶಗಳು ದೂರದಿಂದ ಪ್ರಯಾಣ ಮಾಡಿಯೇ ಬರಬೇಕು. ಇದಕ್ಕೆ ಎರಡು ದಾರಿ. ಒಂದು, ಹೆಪ್ಪುಗಟ್ಟಿಸಿ ಡ್ರೈ ಐಸ್‌ನಲ್ಲಿ ಕಳಿಸುವುದು. ಇನ್ನೊಂದು, ಕೋಶಗಳು ತಳಕ್ಕೆ ಅಂಟಿಕೊಂಡಿರುವ ಫ್ಲಾಸ್ಕಿಗೆ ದ್ರವವನ್ನು ಕಂಠಮಟ್ಟ ತುಂಬಿ, ಮುಚ್ಚಳ ಬಿಗಿದು ಕಳಿಸುವುದು. ಬೇಸಿಗೆಯಲ್ಲಿ ಗುಜರಾತಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಕೋಶಗಳಿಗೆ ಬೇಕಾದದ್ದು 37. ಪಾರ್ಸಲ್ ಒಂದು ದಿನ ಗೋದಾಮಿನಲ್ಲಿ ಉಳಿದರೂ ತಿಂಗಳ ಕೆಲಸ ಹಾಳಾಗಬಹುದು.

ಬಂದ ಕೋಶಗಳನ್ನು ಲವಣ, ಸಕ್ಕರೆ, ಅಮೈನೋ ಆಮ್ಲ, ವಿಟಮಿನ್ ಬೆರೆಸಿದ ದ್ರವದಲ್ಲಿ ಇಡುತ್ತಾರೆ. ಇದಕ್ಕೆ ಮೀಡಿಯಂ ಎಂದು ಹೆಸರು. ಅದಕ್ಕೆ ಸಾಮಾನ್ಯವಾಗಿ ಶೇ 10ರಷ್ಟು ದನದ ಭ್ರೂಣದ ರಕ್ತದಿಂದ ತೆಗೆದ ಸೀರಮ್ ಸೇರಿಸುತ್ತಾರೆ. ‘ಪ್ರಾಣಿಗಳನ್ನು ಬಳಸದ ಪರೀಕ್ಷೆ’ ಎಂಬ ಹೆಗ್ಗಳಿಕೆಯನ್ನು ಓದುವಾಗ ಈ ಸೀರಮ್ಮನ್ನೂ ನೆನಪಿಟ್ಟುಕೊಳ್ಳಬೇಕು. ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್ ಇರಬೇಕು; ಆ ಅನಿಲವಿಲ್ಲದಿದ್ದರೆ ದ್ರವದ ಆಮ್ಲೀಯತೆ ಹದ ತಪ್ಪುತ್ತದೆ. ಮೀಡಿಯಮ್ಮಿಗೆ ಬೆರೆಸಿರುವ ಕೆಂಪು ಬಣ್ಣ ಹಳದಿಗೆ ತಿರುಗಿತೆಂದರೆ ಆಮ್ಲ ಹೆಚ್ಚಿದೆ, ದ್ರವ ಬದಲಿಸುವ ಹೊತ್ತಾಗಿದೆ ಎಂದರ್ಥ. ವಾರಕ್ಕೆ ಎರಡು ಮೂರು ಸಲ ಬದಲಿಸಬೇಕಾಗುತ್ತದೆ; ಕೋಶಗಳಿಗೆ ಭಾನುವಾರವೂ ಇಲ್ಲ, ನವರಾತ್ರಿಯೂ ಇಲ್ಲ.

ಹೆಪ್‌ಜಿ2 ಹರಡಿಕೊಂಡು ಬೆಳೆಯುವುದಿಲ್ಲ. ದ್ವೀಪಗಳ ಹಾಗೆ ಗುಂಪುಗುಂಪಾಗಿ, ಒಂದರ ಮೇಲೊಂದು ಏರಿ ಬೆಳೆಯುತ್ತದೆ. ಜಾಗ ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವದಿಂದ ಬಿಡಿಸಿ, ಭಾಗ ಮಾಡಿ ಹೊಸ ಫ್ಲಾಸ್ಕುಗಳಿಗೆ ಹಂಚುತ್ತಾರೆ. ಹೀಗೆ ಒಂದು ಸಲ ಹಂಚಿದರೆ ಒಂದು ಪ್ಯಾಸೇಜ್. ಗುಂಪುಗಳು ಸರಿಯಾಗಿ ಬಿಡಿಯಾಗದೆ ಉಳಿದರೆ ಒಂದು ಗುಳಿಯಲ್ಲಿ ಸಾವಿರ ಕೋಶ, ಪಕ್ಕದ್ದರಲ್ಲಿ ಐದು ಸಾವಿರ ಬೀಳುತ್ತವೆ. ಆಮೇಲೆ ಔಷಧ ಕೋಶಗಳನ್ನು ಕೊಂದಿತೋ, ಎಣಿಕೆಯೇ ತಪ್ಪಿತ್ತೋ ಹೇಳುವುದು ಕಷ್ಟ. ಪ್ಯಾಸೇಜ್ ಬಹಳ ಹೆಚ್ಚಾದಂತೆ ಕೋಶಗಳ ಗುಣವೂ ಬದಲಾಗುತ್ತದೆ. ಅದಕ್ಕೇ ಆರಂಭದ ಪ್ಯಾಸೇಜಿನ ಕೋಶಗಳನ್ನು ಡಿಎಂಎಸ್‌ಒ ಬೆರೆಸಿ, ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದ ಡಬ್ಬಿಯಲ್ಲಿ ಕೂಡಿಡುತ್ತಾರೆ. ಕರಗಿಸುವಾಗ ಇದರ ತಿರುಗುಮುರುಗು: ಬೆಚ್ಚಗಿನ ನೀರಿನಲ್ಲಿ ಬೇಗಬೇಗ.

ಬೂಷ್ಟು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಮೈಕೋಪ್ಲಾಸ್ಮಾ ಸೇರಿದರೆ ಕಾಣುವುದಿಲ್ಲ. ಇದು ಕೋಶಭಿತ್ತಿಯೇ ಇಲ್ಲದ ಸಣ್ಣ ಬ್ಯಾಕ್ಟೀರಿಯಾ. ಪೆನ್ಸಿಲಿನ್ ಇದಕ್ಕೆ ನಾಟುವುದಿಲ್ಲ, ಮೀಡಿಯಂ ಕಲಕುವುದಿಲ್ಲ, ಕೋಶಗಳು ಸಾಯದೆ ಕುಂಟುತ್ತಾ ಬೆಳೆಯುತ್ತವೆ. ಬರುವ ಫಲಿತಾಂಶವೆಲ್ಲ ವಕ್ರವಾಗುತ್ತದೆ. ಪಿಸಿಆರ್ ಅಥವಾ ವಿಶೇಷ ಬಣ್ಣದ ಪರೀಕ್ಷೆ ಮಾಡಿದರಷ್ಟೇ ಗೊತ್ತಾಗುತ್ತದೆ.

ಅಹಮದಾಬಾದಿನ ಒಂದು ಮಾತ್ರೆ

ಕೋಶಗಳು ಎಲ್ಲಿಯವರೆಗೆ ದಾರಿ ತೋರಿಸುತ್ತವೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. ಗುಜರಾತಿನ ಔಷಧೋದ್ಯಮ ಹಳೆಯದು; ವಡೋದರಾದಲ್ಲಿ ಅಲೆಂಬಿಕ್ ಆರಂಭವಾದದ್ದು 1907ರಲ್ಲಿ. ಆದರೆ ನಮ್ಮಲ್ಲಿ ಬಹುಪಾಲು ಕಂಪನಿಗಳು ಬೇರೆಯವರು ಕಂಡುಹಿಡಿದ ಔಷಧದ ಜೆನೆರಿಕ್ ರೂಪ ತಯಾರಿಸುತ್ತಾ ಬೆಳೆದವು. ಹೊಸ ಅಣುವೊಂದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿಯೇ ರೂಪಿಸಿದ ನಿದರ್ಶನಗಳು ಕಡಿಮೆ. ಅಹಮದಾಬಾದಿನ ಝೈಡಸ್ ಸಂಶೋಧನಾ ಕೇಂದ್ರದ ಸಾರೋಗ್ಲಿಟಜಾರ್ ಅಂಥದೊಂದು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದ್ದರೆ ಕೊಡಲು ಇದಕ್ಕೆ 2013ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. 2020ರ ಮಾರ್ಚಿನಲ್ಲಿ, ಕೊಬ್ಬು ತುಂಬಿ ಉರಿಯೂತವಾದ ಆದರೆ ಸಿರೋಸಿಸ್‌ಗೆ ಇನ್ನೂ ತಲುಪದ ಲಿವರಿನ ಚಿಕಿತ್ಸೆಗೂ ಔಷಧ ಮಹಾನಿಯಂತ್ರಕರು ಒಪ್ಪಿದರು.

ಈ ಔಷಧ ಕೋಶದ ಒಳಗಿನ ಪಿಪಿಎಆರ್ ಎಂಬ ಗ್ರಾಹಕಗಳನ್ನು ಮುಟ್ಟುತ್ತದೆ. ಇವು ಜೀನುಗಳ ಸ್ವಿಚ್ಚುಗಳಿದ್ದ ಹಾಗೆ. ಆಲ್ಫಾ ಬಗೆಯದನ್ನು ಒತ್ತಿದರೆ ಲಿವರ್ ಹೆಚ್ಚು ಕೊಬ್ಬು ಸುಡುತ್ತದೆ. ಗಾಮಾ ಬಗೆಯದನ್ನು ಒತ್ತಿದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಮಾವನ್ನು ಜೋರಾಗಿ ಒತ್ತುವ ಪಿಯೋಗ್ಲಿಟಜೋನ್ ಮಾತ್ರೆಯಿಂದ ತೂಕ ಹೆಚ್ಚುವುದು, ಕಾಲು ಬಾವು ಬರುವುದು ಉಂಟು. ಆಲ್ಫಾವನ್ನು ಚೆನ್ನಾಗಿ, ಗಾಮಾವನ್ನು ಹದವಾಗಿ ಒತ್ತುವ ಅಣು ಸಿಕ್ಕರೆ? ಅದನ್ನು ಅಳೆಯುವ ಕೆಲಸಕ್ಕೆ ಹೆಪ್‌ಜಿ2 ಬಂತು. ಇಂಥ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕೋಶಕ್ಕೆ ಗ್ರಾಹಕದ ಜೀನನ್ನೂ, ಮಿಂಚುಹುಳದಿಂದ ಬಂದ ಬೆಳಕಿನ ಕಿಣ್ವದ ಜೀನನ್ನೂ ಸೇರಿಸುತ್ತಾರೆ. ಔಷಧ ಸ್ವಿಚ್ ಒತ್ತಿದಷ್ಟೂ ತಟ್ಟೆ ಬೆಳಗುತ್ತದೆ. ಬೆಳಕನ್ನು ಯಂತ್ರ ಎಣಿಸುತ್ತದೆ. ಝೈಡಸ್ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೆಪ್‌ಜಿ2 ಕೋಶಗಳಲ್ಲಿ ಅರ್ಧದಷ್ಟು ಪರಿಣಾಮ ಕಾಣಲು ಆಲ್ಫಾಗೆ ಬೇಕಾದದ್ದು 0.00065 ನ್ಯಾನೋಮೋಲಾರ್, ಗಾಮಾಗೆ 3 ನ್ಯಾನೋಮೋಲಾರ್. ಸಾವಿರಾರು ಪಟ್ಟು ವ್ಯತ್ಯಾಸ. ಅಣುವಿನ ಒಲವು ಯಾವ ಕಡೆ ಎಂದು ತಟ್ಟೆ ಸ್ಪಷ್ಟವಾಗಿ ಹೇಳಿತು.

2018ರ ಇನ್ನೊಂದು ಪ್ರಬಂಧದಲ್ಲಿ ಅದೇ ಕೋಶಗಳನ್ನು ಬೇರೆ ರೀತಿ ಬಳಸಿದರು. ಪಾಮಿಟಿಕ್ ಆಮ್ಲ ತಾಳೆ ಎಣ್ಣೆಯಲ್ಲೂ ತುಪ್ಪದಲ್ಲೂ ಇರುವ ಕೊಬ್ಬಿನ ಆಮ್ಲ. ಅದನ್ನು ಹೆಪ್‌ಜಿ2ಗೆ ಉಣಿಸಿದರೆ ಕೋಶ ಕೊಬ್ಬಿನ ಭಾರಕ್ಕೆ ಸಿಕ್ಕಿ ನರಳುತ್ತದೆ. ಅಂದರೆ ಫ್ಯಾಟಿ ಲಿವರಿನ ಒಂದು ತುಣುಕನ್ನು ತಟ್ಟೆಯಲ್ಲಿ ಅನುಕರಿಸಬಹುದು. ಲಿವರಿನಲ್ಲಿ ಗಾಯದ ಕಲೆ ಕಟ್ಟುವ ಕೋಶಗಳ ವಂಶವಾದ ಎಲ್‌ಎಕ್ಸ್-2ನ್ನೂ ಅದರ ಜೊತೆಗೂಡಿಸಿದರು. ಔಷಧ ಈ ಹಾನಿಯನ್ನು ತಗ್ಗಿಸಿತು.

ಆದರೆ ಆ ತಟ್ಟೆಗೆ ಕಾಲಿಲ್ಲ, ಬಾವು ಬರಲು. ಮೂತ್ರಪಿಂಡವಿಲ್ಲ, ಹೃದಯವಿಲ್ಲ, ತೂಕವಿಲ್ಲ. ಅದಕ್ಕೇ ಇಲಿ, ಹೆಗ್ಗಣಜಾತಿಯ ರ‍್ಯಾಟ್, ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳ ಮೇಲೆ ಪರೀಕ್ಷೆ ನಡೆಯಿತು. ರ‍್ಯಾಟ್ ಮತ್ತು ಮಾರ್ಮೊಸೆಟ್‌ಗಳಿಗೆ 90 ದಿನ ಔಷಧ ಕೊಟ್ಟು ನೋಡಿದರು. ಅದರ ನಂತರವೂ ಉಳಿಯುವುದು ಮನುಷ್ಯರ ಪರೀಕ್ಷೆ. ಅಮೆರಿಕದಲ್ಲಿ ಫ್ಯಾಟಿ ಲಿವರ್ ಇರುವ 106 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡವರ ಎಎಲ್‌ಟಿ ಎಂಬ ಲಿವರ್ ಕಿಣ್ವ 16 ವಾರಗಳಲ್ಲಿ ಶೇ 45.8ರಷ್ಟು ಇಳಿಯಿತು, ಖಾಲಿ ಮಾತ್ರೆಯವರದು ಸ್ವಲ್ಪ ಏರಿತು. ಒಳ್ಳೆಯ ಸುಳಿವೇ. ಆದರೂ 16 ವಾರ ಎಂಬುದು ಲಿವರ್ ಕಾಯಿಲೆಯ ಲೆಕ್ಕದಲ್ಲಿ ಸಣ್ಣ ಅವಧಿ, ಕಿಣ್ವ ಇಳಿಯುವುದೂ ಗಾಯ ಮಾಯುವುದೂ ಒಂದೇ ಅಲ್ಲ. ಈ ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

ತಟ್ಟೆ ಸುಳ್ಳು ಹೇಳುವುದು ಯಾವಾಗ?

ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳಿ. ಹೇಳಿದ ಪ್ರಮಾಣದಲ್ಲಿ ಸುರಕ್ಷಿತ. ಮಿತಿಮೀರಿದರೆ ಲಿವರನ್ನೇ ಕೊಲ್ಲಬಲ್ಲದು. ಆದರೆ ಹೆಪ್‌ಜಿ2 ಕೋಶಗಳ ಮೇಲೆ ಹಾಕಿದರೆ ಅದು ನಿಜಕ್ಕಿಂತ ಬಹಳ ಸಾಧುವಾಗಿ ಕಾಣುತ್ತದೆ. ಏಕೆಂದರೆ ವಿಷವಾಗುವುದು ಪ್ಯಾರಾಸಿಟಮಾಲ್ ಅಲ್ಲ, ಲಿವರ್ ಅದರ ಒಂದು ಸಣ್ಣ ಭಾಗವನ್ನು ಬದಲಾಯಿಸಿ ಮಾಡುವ ಇನ್ನೊಂದು ವಸ್ತು. ಆ ಬದಲಾವಣೆಗೆ ಸಿವೈಪಿ2ಇ1 ಎಂಬ ಕಿಣ್ವ ಬೇಕು. ನಮ್ಮ ಲಿವರಿನಲ್ಲಿ ಅದು ಧಾರಾಳವಾಗಿದೆ, ಹೆಪ್‌ಜಿ2ರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈ ಕಿಣ್ವದ ಜೀನನ್ನು ಬೇಕೆಂದೇ ಸೇರಿಸಿದ ಹೆಪ್‌ಜಿ2 ಕೋಶಗಳಿಗೆ ಪ್ಯಾರಾಸಿಟಮಾಲ್ ಕೊಟ್ಟಾಗ ಅವು ಸತ್ತವು. ವಿಷ ಮಾಡುವ ಅಡುಗೆಮನೆಯೇ ಇಲ್ಲದ ಕೋಶದಲ್ಲಿ ವಿಷ ಕಾಣದಿದ್ದರೆ ಅದರಿಂದ ಸಮಾಧಾನಪಡುವಂತಿಲ್ಲ.

ಇನ್ನೊಂದು ಕುರುಡು ಜಾಗ ಮೈಟೋಕಾಂಡ್ರಿಯಾ, ಅಂದರೆ ಕೋಶದ ಶಕ್ತಿಕೇಂದ್ರ. ಗ್ಲೂಕೋಸ್ ಹೇರಳವಾಗಿರುವ ಮೀಡಿಯಮ್ಮಿನಲ್ಲಿ ಗಡ್ಡೆಯ ಕೋಶಗಳು ಮೈಟೋಕಾಂಡ್ರಿಯಾವನ್ನು ಹೆಚ್ಚು ನೆಚ್ಚಿಕೊಳ್ಳದೆಯೂ ಬದುಕುತ್ತವೆ. ಹಾಗಾಗಿ ಮೈಟೋಕಾಂಡ್ರಿಯಾವನ್ನು ಕೆಡಿಸುವ ಔಷಧ ಅಲ್ಲಿ ಸಿಕ್ಕಿಬೀಳುವುದಿಲ್ಲ. ಗ್ಲೂಕೋಸ್ ತೆಗೆದು ಗ್ಯಾಲಕ್ಟೋಸ್ ಹಾಕಿದರೆ ಕೋಶ ಮೈಟೋಕಾಂಡ್ರಿಯಾವನ್ನು ಬಳಸಲೇಬೇಕಾಗುತ್ತದೆ, ಆಗ ಹಾನಿ ಬಯಲಾಗುತ್ತದೆ. ಸಕ್ಕರೆ ಬದಲಿಸುವ ಈ ಉಪಾಯ ಕಡಿಮೆ ಖರ್ಚಿನದು, ಕಾಲೇಜು ಪ್ರಯೋಗಾಲಯದಲ್ಲೂ ಮಾಡಬಹುದು. ಇಂಥ ಹಾನಿ ಎಷ್ಟು ಘೋರ ಎಂಬುದಕ್ಕೆ 1993ರ ಫಯಾಲುರಿಡಿನ್ ದುರಂತ ಸಾಕ್ಷಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಹೆಪಟೈಟಿಸ್ ಬಿ ಇದ್ದ 15 ಮಂದಿಗೆ ಈ ಔಷಧ ಕೊಟ್ಟರು. ಐವರು ಸತ್ತರು, ಇನ್ನಿಬ್ಬರು ಬದಲಿ ಲಿವರ್ ಪಡೆದು ಉಳಿದರು. ಮೊದಲು ಮಾಡಿದ್ದ ಪ್ರಾಣಿ ಪರೀಕ್ಷೆಗಳು ಇದನ್ನು ಮುನ್ಸೂಚಿಸಿರಲಿಲ್ಲ.

ಈ ಕೊರತೆಗಳನ್ನು ತುಂಬಲು ಹೆಪಾಆರ್‌ಜಿ ಎಂಬ ಕೋಶವಂಶ ಬಂದಿದೆ. ಫ್ರಾನ್ಸಿನ ಮಹಿಳೆಯೊಬ್ಬರ ಗಡ್ಡೆಯಿಂದ ಬಂದ ಇದನ್ನು ಕೆಲವು ವಾರ ಹದ ಮಾಡಿದರೆ ನಿಜವಾದ ಲಿವರ್ ಕೋಶದ ಸಮೀಪಕ್ಕೆ ಬರುತ್ತದೆ, ಔಷಧ ಬದಲಾಯಿಸುವ ಕಿಣ್ವಗಳೂ ಮೂಡುತ್ತವೆ. ಇನ್ನೂ ಉತ್ತಮವೆಂದರೆ ಕಸಿಗೆ ಯೋಗ್ಯವಲ್ಲದ ದಾನದ ಲಿವರಿನಿಂದ ನೇರವಾಗಿ ಬೇರ್ಪಡಿಸಿದ ಕೋಶಗಳು. ಎರಡೂ ದುಬಾರಿ. ಭಾರತ 2023ರ ಮಾರ್ಚಿನಲ್ಲಿ ಹೊಸ ಔಷಧಗಳ ನಿಯಮಕ್ಕೆ ತಿದ್ದುಪಡಿ ತಂದು, ಮಾನವ ಕೋಶ ಆಧಾರಿತ ಪರೀಕ್ಷೆ, ಆರ್ಗನ್ ಚಿಪ್ ಮುಂತಾದವನ್ನು ಪ್ರಾಣಿ ಪರೀಕ್ಷೆಯ ಬದಲಿಗೂ ಪರಿಗಣಿಸಲು ದಾರಿ ತೆರೆದಿದೆ. ಆದ್ದರಿಂದ ಯಾವ ಕೋಶ ಎಂಬ ಪ್ರಶ್ನೆ ಇನ್ನು ಮುಂದೆ ಹೆಚ್ಚು ಮುಖ್ಯವಾಗುತ್ತದೆ.

ಲಿವರ್ ಅಲ್ಲದ ‘ಲಿವರ್’

ಮೇಲೆ ಲೇಬಲ್ಲಿನ ಮಾತು ಬಂತಲ್ಲ. 1954ರಲ್ಲಿ ಸಾಮಾನ್ಯ ಲಿವರಿನಿಂದ ತೆಗೆದದ್ದೆಂದು ಹೇಳಲಾದ ‘ಚಾಂಗ್ ಲಿವರ್’ ಎಂಬ ಕೋಶವಂಶ, ಪರೀಕ್ಷಿಸಿದಾಗ ಹೀಲಾ ಎಂದು ತಿಳಿಯಿತು. ಹೀಲಾ ಎಂದರೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಮಹಿಳೆಯ ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಕೋಶಗಳು. ಬಲು ಹುಲುಸಾಗಿ ಬೆಳೆದು ಪಕ್ಕದ ಫ್ಲಾಸ್ಕುಗಳನ್ನೂ ಆಕ್ರಮಿಸುವುದರಲ್ಲಿ ಹೆಸರುವಾಸಿ. ಭ್ರೂಣದ ಲಿವರಿನದೆಂದು ಮಾರಾಟವಾದ ಡಬ್ಲ್ಯುಆರ್‌ಎಲ್-68, ಸಾಮಾನ್ಯ ಲಿವರಿನದೆನ್ನಲಾದ ಎಲ್-02 ಕೂಡ ಹೀಲಾ ಎಂದೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಗಿವೆ. ಇವನ್ನು ‘ಸಾಮಾನ್ಯ ಲಿವರ್ ಕೋಶ’ ಎಂದು ನಂಬಿ ಬರೆದ ಪ್ರಬಂಧಗಳು ಭಾರತದಲ್ಲೂ ಇವೆ. “ಕ್ಯಾನ್ಸರ್ ಕೋಶಗಳನ್ನು ಕೊಂದಿತು, ಸಾಮಾನ್ಯ ಲಿವರ್ ಕೋಶಗಳಿಗೆ ಏನೂ ಆಗಲಿಲ್ಲ” ಎಂಬ ವಾಕ್ಯ ಕಂಡಾಗ ನಾನು ಮೊದಲು ನೋಡುವುದು ಆ ಎರಡನೇ ಕೋಶದ ಹೆಸರನ್ನು. ಡಿಎನ್‌ಎ ಗುರುತು ಪರೀಕ್ಷೆ ಮಾಡಿಸಿದ್ದಾರೆಯೇ ಎಂಬುದನ್ನೂ ನೋಡುತ್ತೇನೆ.

ಗಿಡಮೂಲಿಕೆಯ ಲೆಕ್ಕ

ಸಾರಗಳ ಪರೀಕ್ಷೆಯಲ್ಲಿ ಹೆಚ್ಚಾಗಿ ಬಳಸುವುದು ಎಂಟಿಟಿ ವಿಧಾನ: ಜೀವಂತ ಕೋಶ ಹಳದಿ ಬಣ್ಣವನ್ನು ನೇರಳೆಯಾಗಿಸುತ್ತದೆ, ನೇರಳೆ ಹೆಚ್ಚಾದಷ್ಟೂ ಬದುಕಿದ ಕೋಶ ಹೆಚ್ಚು. ಆದರೆ ಹಲವು ಗಿಡಗಳ ಆಂಟಿಆಕ್ಸಿಡೆಂಟ್ ವಸ್ತುಗಳು ಕೋಶವೇ ಇಲ್ಲದಿದ್ದರೂ ಆ ಬಣ್ಣವನ್ನು ನೇರಳೆ ಮಾಡುತ್ತವೆ. ಕೋಶವಿಲ್ಲದ ಗುಳಿಯಲ್ಲೂ ಸಾರ ಹಾಕಿ ನೋಡದಿದ್ದರೆ, ‘ಲಿವರನ್ನು ರಕ್ಷಿಸಿತು’ ಎಂಬ ತೀರ್ಮಾನ ಬರೀ ಬಣ್ಣದ ಆಟವಾಗಿರಬಹುದು.

ಪ್ರಮಾಣದ ಪ್ರಶ್ನೆ ಇನ್ನೂ ದೊಡ್ಡದು. ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಸಾರ ಹಾಕಿದಾಗ ಒಳ್ಳೆಯ ಫಲಿತಾಂಶ ಬಂತೆನ್ನಿ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ಅಷ್ಟೂ ರಕ್ತದಲ್ಲಿ ಆ ಸಾಂದ್ರತೆ ಬರಲು 1 ಗ್ರಾಂ ಸಾರ ರಕ್ತದಲ್ಲೇ ಇರಬೇಕು. ಕುಡಿದದ್ದರಲ್ಲಿ ಕರುಳು ಹೀರುವುದು ಒಂದು ಪಾಲು. ಅದರಲ್ಲೂ ಒಂದಷ್ಟನ್ನು ಲಿವರ್ ಮೊದಲ ಸುತ್ತಿನಲ್ಲೇ ಬದಲಾಯಿಸಿಬಿಡುತ್ತದೆ. ಎರಡು ಚಮಚ ಟಾನಿಕ್ಕಿನಿಂದ ಇದು ಸಾಧ್ಯವೇ ಎಂದು ನೀವೇ ಲೆಕ್ಕ ಹಾಕಬಹುದು.

ನಮ್ಮ ಊರುಗಳಲ್ಲಿ ಕಾಮಾಲೆಗೆ ಕೊಡುವ ನೆಲನೆಲ್ಲಿಯ ಕಥೆ ಇಲ್ಲಿ ಪ್ರಸ್ತುತ. ಚೆನ್ನೈನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲನೆಲ್ಲಿ ಪಡೆದ 37 ಹೆಪಟೈಟಿಸ್ ಬಿ ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಮೇಲ್ಮೈ ಪ್ರೋಟೀನ್ ಮಾಯವಾಗಿತ್ತು. ಖಾಲಿ ಔಷಧ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ಆ ಪ್ರೋಟೀನನ್ನು ಸುರಿಸುತ್ತಲೇ ಇರುವ, ದಕ್ಷಿಣ ಆಫ್ರಿಕಾದಲ್ಲಿ ಬೆಳೆಸಿದ ಅಲೆಕ್ಸಾಂಡರ್ ಕೋಶವಂಶದ ಮೇಲೂ ಈ ಗಿಡದ ಸಾರ ಪರಿಣಾಮ ತೋರಿತು. ತಟ್ಟೆಯೂ ಮನುಷ್ಯರೂ ಒಂದೇ ಮಾತು ಹೇಳಿದಂತಿತ್ತು. ಆದರೆ ಬೇರೆಡೆಗಳಲ್ಲಿ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಗಿಡದಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಹೆಪಟೈಟಿಸ್ ಬಿಗೆ ವೈರಸ್ಸನ್ನು ಹತ್ತಿಕ್ಕುವುದು ಚೆನ್ನಾಗಿ ಸಾಬೀತಾದ ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳಿರುವಾಗ, ಅವನ್ನು ನಿಲ್ಲಿಸಿ ಕಷಾಯ ಹಿಡಿಯುವುದಕ್ಕೆ ಇದು ಆಧಾರವಾಗದು. ಈ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ವೈರಸ್ ಮತ್ತೆ ಕೆರಳಿ ಲಿವರ್ ಹಠಾತ್ತಾಗಿ ಕೆಡುವ ಅಪಾಯವಿದೆ.

ಕಣ್ಣು ಹಳದಿಯಾಗಿದ್ದರೆ ಮೊದಲು ಬಿಲಿರುಬಿನ್, ಎಎಲ್‌ಟಿ, ರಕ್ತ ಹೆಪ್ಪುಗಟ್ಟುವ ವೇಗ, ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಕುಡಿಯುತ್ತಿರುವ ಕಷಾಯ, ಟಾನಿಕ್, ನೋವಿನ ಮಾತ್ರೆಗಳ ಹೆಸರನ್ನೂ ಮುಚ್ಚಿಡದೆ ಹೇಳಿ, ಸಾಧ್ಯವಾದರೆ ಬಾಟಲಿಯನ್ನೇ ತೆಗೆದುಕೊಂಡು ಹೋಗಿ. ಕಾಮಾಲೆಯ ಜೊತೆಗೆ ಮಂಪರು, ಗೊಂದಲದ ಮಾತು, ರಕ್ತ ವಾಂತಿ, ಕಪ್ಪು ಮಲ ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು. ಪ್ಯಾರಾಸಿಟಮಾಲ್ ಹೆಚ್ಚಾಗಿ ನುಂಗಿದ್ದರೆ ಲಕ್ಷಣಗಳಿಗಾಗಿ ಕಾಯುವುದೂ ಬೇಡ. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಮೊದಲ 8 ಗಂಟೆಗಳೊಳಗೆ ಕೊಟ್ಟರೆ ಅದು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ.